ಪುಸ್ತಕ ಮೂರನೇ ಅಧ್ಯಾಯಕ್ಕೇ ನಿಂತಿದೆಯೇ? ಬರೆಯಲು ಕೂರುವ ಮೊದಲು ನಿಮ್ಮ ‘ಯಾಕೆ’ ಹುಡುಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅರ್ಧಕ್ಕೆ ನಿಂತ ಹಸ್ತಪ್ರತಿಗಳಿಗೆ ಬರವಿಲ್ಲ. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಡಾಕ್ಟರರು, ಹಳ್ಳಿ ಹಳ್ಳಿ ತಿರುಗಿದ ಕೃಷಿ ಅಧಿಕಾರಿಗಳು, ನೇಕಾರರ ಮನೆಯ ಹೆಣ್ಣುಮಕ್ಕಳು, ಹೀಗೆ ಎಷ್ಟೋ ಜನರ ಬಳಿ ಒಂದೊಂದು ಪುಸ್ತಕ ಇದೆ. ಹೆಸರು ಸಿದ್ಧ, ಮುಖಪುಟದ ಫೋಟೊ ಸಿದ್ಧ, ಮುನ್ನುಡಿ ಯಾರಿಂದ ಬರೆಸಬೇಕು ಎಂಬುದೂ ತೀರ್ಮಾನವಾಗಿರುತ್ತದೆ. ಹಸ್ತಪ್ರತಿ ಮಾತ್ರ ಮೂವತ್ತು ನಲವತ್ತು ಪುಟಕ್ಕೆ ಬಂದು ಕೂತಿರುತ್ತದೆ.

ಕೇಳಿದರೆ ‘ಟೈಮ್ ಸಿಗವಲ್ದು’ ಅನ್ನುತ್ತಾರೆ, ಇಲ್ಲವೇ ‘ಭಾಷಾ ಸರಿ ಬರವಲ್ದು’ ಅನ್ನುತ್ತಾರೆ. ಬಹಳ ಸಲ ತೊಂದರೆ ಎರಡೂ ಅಲ್ಲ. ಯಾವ ಕಾರಣ ಹಿಡಿದು ಬರೆಯಲು ಕೂತರೋ ಆ ಕಾರಣವೇ ಮೂವತ್ತು ಪುಟಕ್ಕೆ ಮುಗಿದುಹೋಗಿರುತ್ತದೆ. ಅದರ ಕೆಳಗೆ ಇನ್ನೊಂದು ಕಾರಣ ಇರುತ್ತದೆ. ಅದನ್ನು ತೆಗೆದು ನೋಡಿರುವುದಿಲ್ಲ. ಕೆಳಗಿನ ಹಂತಗಳು ಅದನ್ನು ಹೊರಗೆ ತೆಗೆಯಲು. ಕಥೆ, ಕಾದಂಬರಿ, ಕವಿತೆ ಬಿಟ್ಟು ಉಳಿದ ಪುಸ್ತಕಗಳಿಗೆ ಇದು ಅನ್ವಯ: ಊರಿನ ಇತಿಹಾಸ, ಕಸುಬು, ಕೃಷಿ, ವೃತ್ತಿಯ ಅನುಭವ, ಆರೋಗ್ಯ, ಜೀವನಚರಿತ್ರೆ. ಒಟ್ಟು 21 ದಿನ ಹಿಡಿಯುತ್ತದೆ. ಈ 21 ದಿನ ಪುಸ್ತಕದ ಒಂದು ಸಾಲನ್ನೂ ಬರೆಯಬೇಡಿ. ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಜಿಗಿದವರ ಕೈಗೆ ಸಿಗುವುದು ಒಂದು ಘೋಷವಾಕ್ಯ ಮಾತ್ರ.

ಮೊದಲು ಕೈಯಲ್ಲಿ ಏನೇನು ಇರಬೇಕು

200 ಪುಟದ ಒಂದು ನೋಟ್‌ಬುಕ್. ಎಡಗಡೆಯ ಪುಟದಲ್ಲಿ ಮಾತ್ರ ಬರೆಯಿರಿ, ಬಲಗಡೆ ಖಾಲಿ ಬಿಡಿ; ವಾರದ ಮೇಲೆ ಓದುವಾಗ ಆ ಖಾಲಿ ಜಾಗ ಬೇಕಾಗುತ್ತದೆ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದ 50 ಚೀಟಿಗಳು. ಧ್ವನಿ ಮುದ್ರಿಸಿಕೊಳ್ಳಲು ಫೋನು. ದಿನಕ್ಕೆ 45 ನಿಮಿಷ, ದಿನಾ ಒಂದೇ ಹೊತ್ತಿಗೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಗಂಡ ಅಥವಾ ಹೆಂಡತಿ ಬೇಡ, ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಸಾಹಿತಿಗಳೂ ಬೇಡ, ಅವರು ಸಲಹೆ ಕೊಡಲು ಶುರು ಮಾಡುತ್ತಾರೆ. ನಿಮ್ಮನ್ನು ಹೊಗಳುವ ಜರೂರಿ ಇಲ್ಲದ, ನಿಮ್ಮ ವಿಷಯ ಅಷ್ಟಾಗಿ ಗೊತ್ತಿಲ್ಲದ ಹಳೇ ಗೆಳೆಯರೋ ಬೀಗರೋ ಸಾಕು.

ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ, ಯೂನಿಕೋಡ್, ಡಿಟಿಪಿ, ಮುಖಪುಟ, ಪ್ರಕಾಶಕರ ಫೋನ್ ನಂಬರ್ ಇವು ಯಾವುವೂ ಈಗ ಬೇಡ.

ಹಂತ 1: ಇರುವ ಕಾರಣಗಳನ್ನೆಲ್ಲ ಖಾಲಿ ಮಾಡಿ (2 ದಿನ)

25 ಚೀಟಿ ಮುಂದಿಟ್ಟುಕೊಳ್ಳಿ. ಪ್ರತಿ ಚೀಟಿಯ ಮೇಲೆ ಒಂದೇ ಒಂದು ಕಾರಣ: ‘ನಾನು ಈ ಪುಸ್ತಕ ಬರೆಯಬೇಕೆಂದಿರುವುದು ಯಾಕೆಂದರೆ...’ ಮೊದಲ ಎಂಟು ಹತ್ತು ಸರಸರ ಬರುತ್ತವೆ. ಮುಂದಿನ ಪೀಳಿಗೆಗೆ ಗೊತ್ತಾಗಲಿ ಅಂತ. ಕನ್ನಡಕ್ಕೆ ಒಂದು ಸೇವೆ ಅಂತ. ಎಲ್ಲರೂ ‘ಬರೀರಿ ಸರ್’ ಅಂತಾರೆ ಅಂತ. ಇವು ಸುಳ್ಳಲ್ಲ, ಆದರೆ ಇವು ಸಭೆಯಲ್ಲಿ ಹೇಳುವ ಮಾತುಗಳು.

ಹನ್ನೆರಡರ ಹತ್ತಿರ ಕೈ ನಿಲ್ಲುತ್ತದೆ. ಚಹಾ ಕುಡಿದು ಬರೋಣ ಅನ್ನಿಸುತ್ತದೆ. ಏಳಬೇಡಿ. ಹದಿನೈದು ದಾಟಿದ ಮೇಲೆ ಬರುವವು ಬೇರೆ ಥರದವು: ‘ಬರೇ ನೌಕರಿ ಮಾಡಿ ರಿಟೈರ್ ಆದ ಅನ್ನಬಾರದು’, ‘ತಮ್ಮನಿಗೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲ’, ‘ಅಪ್ಪನಿಗೆ ಒಂದು ಮಾತು ಹೇಳುವುದು ಉಳಿದುಹೋಯಿತು’. ಮುಜುಗರವಾದರೂ ಬರೆಯಿರಿ.

ಇಲ್ಲಿ ಆಗುವ ತಪ್ಪು ಎರಡು. ಒಂದು, ಫೋನಿನಲ್ಲಿ ಟೈಪ್ ಮಾಡುವುದು. ಅಳಿಸುವುದು ಸುಲಭವಾದರೆ ಅಳಿಸಿಯೇ ಬಿಡುತ್ತೀರಿ. ಎರಡು, ಚೀಟಿಗಳನ್ನು ಮನೆಯವರ ಕಣ್ಣಿಗೆ ಬೀಳುವಂತೆ ಇಡುವುದು. ಯಾರೋ ಓದುತ್ತಾರೆ ಎಂದು ಗೊತ್ತಾದರೆ ಕೈ ತಾನಾಗಿಯೇ ಸಭ್ಯವಾಗುತ್ತದೆ. ಯಾರಿಗೂ ತೋರಿಸಲು ಮನಸ್ಸಾಗದ ಮೂರು ಚೀಟಿಗಳಾದರೂ ಇದ್ದರೆ ಹಂತ ಮುಗಿಯಿತು. ಇಲ್ಲದಿದ್ದರೆ ಇನ್ನೂ ಹತ್ತು ಚೀಟಿ ತೆಗೆಯಿರಿ.

ಹಂತ 2: ಐದು ಗುಂಪು ಮಾಡಿ (1 ದಿನ)

ಚೀಟಿಗಳನ್ನು ನೆಲದ ಮೇಲೆ ಹರಡಿ ಹೀಗೆ ಬೇರ್ಪಡಿಸಿ: ಹೆಸರು, ಸಿಟ್ಟು, ಕಳೆದುಹೋಗುವ ಭಯ, ಉತ್ತರ ಸಿಗದ ಪ್ರಶ್ನೆ, ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಉಪಯೋಗ.

ಹೆಸರಿನ ಆಸೆ ಪಾಪವಲ್ಲ; ಬಚ್ಚಿಡಲು ಹೋಗಬೇಡಿ. ಅದರ ಕೆಲಸ ಪುಸ್ತಕದ ಆರಂಭದಲ್ಲಿ ಮತ್ತು ಬಿಡುಗಡೆಯ ದಿನ. ನಡುವಿನ ನೂರು ಪುಟಗಳಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಅದು ಜೊತೆಗಿರುವುದಿಲ್ಲ.

ಸಿಟ್ಟು ಬಲವಾದ ಇಂಧನ, ಬೇಗ ಹೊತ್ತಿಕೊಳ್ಳುತ್ತದೆ. ಅದೊಂದನ್ನೇ ನಂಬಿದರೆ ಪುಸ್ತಕ ತಕರಾರು ಅರ್ಜಿಯಾಗುತ್ತದೆ; ಓದುವವರು ಇಪ್ಪತ್ತನೇ ಪುಟಕ್ಕೆ ‘ಇದು ಇವರ ಜಗಳ’ ಎಂದು ಪಕ್ಕಕ್ಕಿಡುತ್ತಾರೆ. ಕಳೆದುಹೋಗುವ ಭಯ ಒಳ್ಳೆಯ ಕಾರಣವೇ. ಅದರ ಅಪಾಯವೆಂದರೆ ಪುಸ್ತಕ ಪಟ್ಟಿಯಾಗಿಬಿಡುವುದು: ಹಬ್ಬಗಳ ಪಟ್ಟಿ, ಗಾದೆಗಳ ಪಟ್ಟಿ, ಹಳೇ ಪಾತ್ರೆಗಳ ಪಟ್ಟಿ.

ದೂರ ಕರೆದೊಯ್ಯುವವು ಕೊನೆಯ ಎರಡು. ಪ್ರಶ್ನೆ ಇದ್ದರೆ ನಿಮಗೆ ನಾಳೆಯೂ ಕೆಲಸ ಇರುತ್ತದೆ, ಮನುಷ್ಯ ಇದ್ದರೆ ಪುಸ್ತಕಕ್ಕೆ ಆಕಾರ ಬರುತ್ತದೆ. ಆ ಎರಡು ಗುಂಪುಗಳಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಗಾಬರಿ ಬೇಡ. ಬಹಳ ಜನರಿಗೆ ಮೊದಲ ಸಲ ಹಾಗೇ ಆಗುತ್ತದೆ, ಅದಕ್ಕೇ ಮುಂದಿನ ಹಂತ.

ಹಂತ 3: ಬಾಯಿಬಿಟ್ಟು ‘ಯಾಕೆ’ ಕೇಳಿಸಿಕೊಳ್ಳಿ (4 ದಿನ)

ಇಡೀ ಕೆಲಸದ ತಿರುಳು ಇದು. ಅವಸರ ಮಾಡಬೇಡಿ.

ಕೇಳುವವರನ್ನು ಎದುರಿಗೆ ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, 40 ನಿಮಿಷ ಮಾತಾಡಿ. ಅವರಿಗೆ ಮೂರೇ ಪ್ರಶ್ನೆ ಕೇಳಲು ಅನುಮತಿ: ‘ಯಾಕ್ರೀ?’, ‘ಒಂದ್ ಸಲ ಏನಾತು ಹೇಳ್ರಿ’, ‘ಅದು ಯಾರಿಗೆ ಗೊತ್ತಿಲ್ಲ?’ ಸಲಹೆ ಕೊಡುವಂತಿಲ್ಲ, ‘ಭಾಳ ಚಲೋ ಐತಿ’ ಅನ್ನುವಂತಿಲ್ಲ. ನೀವು ಸುಮ್ಮನಾದರೆ ಅವರೂ ಸುಮ್ಮನಿರಬೇಕು.

ಮಾದರಿಗೆ, ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಮುಳುಗಡೆಯಾಗಿ ಜನ ನವನಗರಕ್ಕೆ ಹೋದದ್ದರ ಬಗ್ಗೆ ಬರೆಯಬೇಕೆಂದವರ ಮಾತು ಹೀಗೆ ಸಾಗಬಹುದು:

‘ಮುಳುಗಡಿ ಬಗ್ಗೆ ಒಂದು ಪುಸ್ತಕ ಬರೀಬೇಕ್ರಿ.’

‘ಯಾಕ್ರೀ?’

‘ಮುಂದಿನ ಪೀಳಿಗಿಗೆ ಗೊತ್ತಾಗಬೇಕಲ್ರಿ. ಎಷ್ಟು ಮನಿ ಹೋದ್ವು, ಎಷ್ಟು ಪರಿಹಾರ ಬಂತು...’

‘ಅದು ಯಾರಿಗೆ ಗೊತ್ತಿಲ್ಲ?’

‘...ಕಾಗದದಾಗ ಐತಿ ಬಿಡ್ರಿ. ಆದ್ರ ಎಲ್ಲಾ ಇಲ್ಲ.’

‘ಒಂದ್ ಸಲ ಏನಾತು ಹೇಳ್ರಿ.’

‘ಅಳತಿಗೆ ಬಂದವರು ಬಾಗಿಲಾ ನಾಕು, ಕಿಡಕಿ ಮೂರು, ಬೇವಿನ ಗಿಡ ಒಂದು ಅಂತ ಬರಕೊಂಡ್ರು. ಆ ಗಿಡದ ಕಟ್ಟಿ ಮ್ಯಾಲ ಸಂಜಿಮುಂದ ಓಣಿ ಹೆಣ್ಮಕ್ಕಳೆಲ್ಲಾ ಕುಂದರತಿದ್ರು. ಗಿಡಕ್ಕ ರೊಕ್ಕ ಬಂತು. ನವನಗರದಾಗ ಪ್ಲಾಟೂ ಸಿಕ್ತು. ಆದ್ರ ನಮ್ಮವ್ವ ಅಲ್ಲಿ ಯಾರ ಮನಿ ಮುಂದೂ ಹೋಗಿ ಕುಂದರಲಿಲ್ಲ.’

‘ಯಾಕ್ರೀ?’

‘ಅದಾ ನನಗ ಗೊತ್ತಾಗಿಲ್ಲ ನೋಡ್ರಿ.’

ಇಲ್ಲಿಗೆ ನಿಲ್ಲಿಸಿ. ಸಿಕ್ಕಿತು. ‘ಮುಳುಗಡೆಯ ಇತಿಹಾಸ’ ಎಂಬ ವಿಷಯದ ಕೆಳಗೆ ಒಂದು ಪ್ರಶ್ನೆ ಕೂತಿತ್ತು: ಮನೆಗೆ ಮನೆ ಸಿಕ್ಕ ಮೇಲೂ ಓಣಿ ಯಾಕೆ ಮತ್ತೆ ಕೂಡಿಬರಲಿಲ್ಲ? ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಅದನ್ನು 524.256ಕ್ಕೆ ಏರಿಸುವ ಯೋಜನೆ ಇದೆ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಆ ನೀರು ನಿಮ್ಮ ಓಣಿಯ ಎಷ್ಟನೇ ಮೆಟ್ಟಿಲಿಗೆ ಬಂತು, ಅವತ್ತು ಕಟ್ಟೆಯ ಮೇಲೆ ಯಾರಿದ್ದರು, ಅವರು ಆಮೇಲೆ ಎಲ್ಲೆಲ್ಲಿಗೆ ಚದುರಿದರು ಎಂಬುದನ್ನು ನೀವೇ ಹೇಳಬೇಕು. ಮೊದಲನೆಯದು ನಿಮ್ಮ ಪುಸ್ತಕದಲ್ಲಿ ಒಂದು ಸಾಲು, ಎರಡನೆಯದು ಪುಸ್ತಕ.

ನಾಲ್ಕು ದಿನದಲ್ಲಿ ಎರಡು ಸಲ ಹೀಗೆ ಕೂರಿ, ಉಳಿದೆರಡು ದಿನ ರೆಕಾರ್ಡಿಂಗ್ ಕೇಳಿ. ಕೇಳುವಾಗ ಮಾತಿಗಿಂತ ಮೌನದ ಕಡೆ ಗಮನ ಕೊಡಿ. ನಾಲ್ಕೈದು ಸೆಕೆಂಡ್ ಮಾತು ನಿಂತ ಜಾಗ, ದನಿ ಇಳಿದ ಜಾಗ, ‘ಅದು ಬಿಡ್ರಿ’ ಎಂದು ದಾಟಿಸಿದ ಜಾಗ, ಇವುಗಳ ನಿಮಿಷ-ಸೆಕೆಂಡನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಮುಂದೆ ಬೇಕಾಗುತ್ತದೆ.

ಎಚ್ಚರಿಕೆಯ ಗುರುತು ಒಂದಿದೆ. ಪ್ರತಿ ‘ಯಾಕೆ’ಗೂ ನಿಮ್ಮ ಉತ್ತರ ದೊಡ್ಡದಾಗುತ್ತ ಹೋಗಿ ‘ಸಂಸ್ಕೃತಿ’, ‘ಸಮಾಜ’, ‘ಅಸ್ಮಿತೆ’ ಎಂಬ ಪದಗಳಿಗೆ ಬಂದು ತಲುಪಿದರೆ, ನೀವು ಕೆಳಗೆ ಇಳಿಯುತ್ತಿಲ್ಲ, ಮೇಲೆ ಹಾರುತ್ತಿದ್ದೀರಿ. ಆಗ ಕೇಳುವವರು ‘ಯಾಕೆ’ ಬಿಟ್ಟು ‘ಒಂದ್ ಸಲ ಏನಾತು’ ಎಂಬ ಪ್ರಶ್ನೆಗೆ ಮರಳಬೇಕು. ಒಂದು ದಿನ, ಒಂದು ಜಾಗ, ಒಬ್ಬ ಮನುಷ್ಯ ಬಾಯಿಗೆ ಬರುವ ತನಕ ಅದನ್ನೇ ಕೇಳಬೇಕು.

ಇನ್ನೊಂದು ಮಾತು. ಸಾವು, ಅವಮಾನ, ಮನೆಯೊಳಗಿನ ನೋವು ಎದ್ದು ಬಂದು ಮಾತು ಕಟ್ಟಿದರೆ ಅವತ್ತಿಗೆ ನಿಲ್ಲಿಸಿ. ಅದನ್ನು ಪುಸ್ತಕಕ್ಕೆ ತರಲೇಬೇಕು ಎಂದೇನಿಲ್ಲ.

ಹಂತ 4: ಒಬ್ಬ ಓದುಗ, ಒಂದು ಪತ್ರ (3 ದಿನ)

‘ಸಮಸ್ತ ಕನ್ನಡಿಗರಿಗಾಗಿ’ ಎಂದು ಬರೆದ ಪುಸ್ತಕ ಯಾರ ಕೈಗೂ ಸರಿಯಾಗಿ ಕೂರುವುದಿಲ್ಲ. ಓದುಗ ಬದಲಾದರೆ ಪುಸ್ತಕವೇ ಬದಲಾಗುತ್ತದೆ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ತೋಪುತೆನೆ ಅದರ ಜೀವ. ಮದುವೆಗೆ ಸೀರೆ ಕೊಳ್ಳುವ ಹೆಣ್ಣುಮಗಳಿಗೆ ಬರೆದರೆ, ಕೈಮಗ್ಗದ ಸೀರೆಯನ್ನು ಗುರುತಿಸುವುದು ಹೇಗೆ ಎಂಬುದು ಪುಸ್ತಕ. ಮಗ್ಗದಲ್ಲಿ ಕೂರಲೋ ಪುಣೆಗೆ ಹೋಗಲೋ ಎಂದು ಯೋಚಿಸುತ್ತಿರುವ ಹತ್ತೊಂಬತ್ತರ ಅಳಿಯನಿಗೆ ಬರೆದರೆ, ಆ ಕೊಂಡಿ ಹಾಕುವ ಕೈಕೆಲಸ, ಅದಕ್ಕೆ ಹಿಡಿಯುವ ಹೊತ್ತು, ಸೀರೆಗೆ ಸಿಗುವ ಕೂಲಿ, ಸಾಲದ ಲೆಕ್ಕ ಎಲ್ಲ ಬರಬೇಕು, ಅದೂ ಒಂದನ್ನೂ ಮುಚ್ಚಿಡದೆ. ವಿಷಯ ಒಂದೇ ಇದ್ದರೂ ಬರೆಯುವ ಕಾರಣ ಬೇರೆ ಬೇರೆ.

ಹಾಗಾಗಿ ಒಬ್ಬರನ್ನು ಆರಿಸಿ. ಹೆಸರು, ವಯಸ್ಸು, ಊರು, ಅವರಿಗೆ ಈಗ ಏನು ಗೊತ್ತಿಲ್ಲ, ಓದಿದ ಮೇಲೆ ಅವರು ಏನು ಮಾಡಬಲ್ಲರು ಎಂದು ಬರೆದುಕೊಳ್ಳಿ. ಆಮೇಲೆ ಅವರಿಗೆ ಒಂದೂವರೆ ಪುಟದ ಪತ್ರ ಬರೆಯಿರಿ. ಬದುಕಿರುವವರಾದರೆ ಒಳ್ಳೆಯದು, ತೀರಿಹೋದವರಿಗೆ ಬರೆದರೆ ಪತ್ರ ಶ್ರದ್ಧಾಂಜಲಿಯಾಗುತ್ತದೆ. ಪತ್ರ ಕಳಿಸಬೇಕಾಗಿಲ್ಲ. ಬರೆಯುವಾಗ ನಿಮ್ಮ ಭಾಷೆ ಸರಳವಾಯಿತೇ, ಭಾಷಣದ ದನಿ ಬಿಟ್ಟುಹೋಯಿತೇ ನೋಡಿ. ಬಿಟ್ಟುಹೋಗಿದ್ದರೆ ಓದುಗ ಸಿಕ್ಕಂತೆ. ‘ಆತ್ಮೀಯರೇ, ತಮಗೆಲ್ಲ ತಿಳಿದಿರುವಂತೆ’ ಎಂದು ಶುರುವಾದರೆ ಇನ್ನೊಬ್ಬರನ್ನು ಹುಡುಕಿ.

ಹಂತ 5: ಕಾರಣವನ್ನು ಪರೀಕ್ಷೆಗೆ ಒಡ್ಡಿ (8 ದಿನ)

ಈಗ ನಿಮ್ಮ ಬಳಿ ಒಂದು ಪ್ರಶ್ನೆ, ಒಬ್ಬ ಓದುಗ ಇದ್ದಾರೆ. ತಾಳಿಕೆ ಎಷ್ಟು ನೋಡಬೇಕು.

ಮೊದಲನೆಯದು ಹೆಸರಿಲ್ಲದ ಪರೀಕ್ಷೆ. ಮುಖಪುಟದ ಮೇಲೆ ನಿಮ್ಮ ಹೆಸರು ಇರುವುದಿಲ್ಲ ಅಂದರೂ ಬರೆಯುತ್ತೀರಾ? ‘ಇಲ್ಲ’ ಎಂಬ ಉತ್ತರ ಬಂದರೆ ಕೆಟ್ಟದ್ದೇನಲ್ಲ, ಆದರೆ ಮೂರನೇ ಹಂತಕ್ಕೆ ಮರಳಿ. ಎರಡನೆಯದು, ಹತ್ತೇ ಪ್ರತಿ ಅಚ್ಚಾಗುತ್ತವೆ ಎಂದುಕೊಂಡು ಆ ಹತ್ತು ಯಾರ ಕೈಗೆ ಹೋಗಬೇಕು ಎಂದು ಹೆಸರು ಬರೆಯಿರಿ. ಹತ್ತೂ ಹೆಸರು ಗಣ್ಯರದ್ದಾದರೆ ಅದೂ ಒಂದು ಗುರುತೇ. ಇವೆರಡಕ್ಕೆ ಒಂದು ದಿನ ಸಾಕು.

ಮೂರನೆಯದಕ್ಕೆ ಒಂದು ದಿನ ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ. ನಿಮ್ಮ ವಿಷಯದ ಮೇಲೆ ಈಗಾಗಲೇ ಬಂದಿರುವ ಪುಸ್ತಕಗಳನ್ನು ತೆಗೆಸಿ ಪರಿವಿಡಿ ಓದಿ. ನಿಮ್ಮ ಪ್ರಶ್ನೆಗೆ ಯಾರೋ ಆಗಲೇ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ ಎಂದು ಕಂಡರೆ ಮನಸ್ಸಿಗೆ ಏನಾಗುತ್ತದೆ? ‘ಸದ್ಯ, ಯಾರೋ ಮಾಡಿದರಲ್ಲ’ ಎಂಬ ನಿರಾಳ ಬಂದರೆ ನಿಮ್ಮ ಕಾರಣ ವಿಷಯದ್ದು. ಹೊಟ್ಟೆಯಲ್ಲಿ ಸಂಕಟವಾದರೆ ಹೆಸರಿನ ಪಾಲು ಹೆಚ್ಚಿದೆ. ಉತ್ತರ ಎಲ್ಲೂ ಸಿಗದೆ ‘ಇದನ್ನ ಯಾರೂ ಕೇಳೇ ಇಲ್ಲಲ್ಲ’ ಅನ್ನಿಸಿ ಕೂತಲ್ಲೇ ಟಿಪ್ಪಣಿ ಹಾಕತೊಡಗಿದರೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ನಾಲ್ಕನೆಯದು ಬೇಸರದ ಪರೀಕ್ಷೆ. ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಇದೇ. ನಿಮ್ಮ ಪುಸ್ತಕಕ್ಕೆ ಬೇಕಾಗುವ ಅತ್ಯಂತ ನೀರಸ ಕೆಲಸ ಯಾವುದು? ಅದನ್ನು ಐದು ದಿನ ಮಾಡಿ. ಊರಿನ ಪುಸ್ತಕವಾದರೆ ಹಳೇ ದಾಖಲೆ ತಿರುವಿಹಾಕುವುದು. ಇಲ್ಲಿ ತಿಳಿದಿರಬೇಕಾದ ಸಂಗತಿಗಳಿವೆ: ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನದನ್ನು ಬಿಜಾಪುರದ ಹೆಸರಿನಲ್ಲೇ ಹುಡುಕಬೇಕು. 1956ಕ್ಕೂ ಮೊದಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಬಹುಪಾಲು ಮುಂಬಯಿ ಆಡಳಿತ. ಆ ಕಾಲದ ಎಷ್ಟೋ ಕಾಗದ ಮರಾಠಿಯಲ್ಲಿ, ಅದರ ಹಳೇ ಕೂಡುಬರಹವಾದ ಮೋಡಿ ಲಿಪಿಯಲ್ಲಿವೆ. ಓದಿಸಲು ಬಲ್ಲವರನ್ನು ಹಿಡಿಯಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಅವಧಿ. ಕಸುಬಿನ ಪುಸ್ತಕವಾದರೆ ಐದು ದಿನ ಒಬ್ಬರ ಪಕ್ಕ ಕೂತು ಒಂದೊಂದು ಕೈಚಲನೆಯನ್ನೂ ಬರೆದುಕೊಳ್ಳುವುದು. ವೃತ್ತಿಯ ಪುಸ್ತಕವಾದರೆ ಹಳೇ ಡೈರಿಗಳಿಂದ ತಾರೀಖು ತೆಗೆಯುವುದು.

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ವಚನಗಳ ಕೆಲಸ ಹಿಡಿದಾಗ ಅದರಲ್ಲಿ ದೊಡ್ಡ ಪಾಲು ಮನೆ ಮನೆ ತಿರುಗಿ ತಾಡೋಲೆ ಹುಡುಕುವುದು, ನಕಲು ತೆಗೆಯುವುದು, ಪಾಠ ಹೋಲಿಸುವುದೇ ಆಗಿತ್ತು. ಅಂಥ ಕೆಲಸದ ಐದನೇ ದಿನ ನಿಮಗೆ ‘ಇನ್ನೊಂದು ಕಟ್ಟು ನೋಡೋಣ’ ಅನ್ನಿಸಿತೇ, ಅಥವಾ ‘ಇದನ್ನ ಬಿಟ್ಟೂ ಪುಸ್ತಕ ಬರೀಬಹುದಲ್ಲ’ ಅನ್ನಿಸಿತೇ? ಪ್ರಾಮಾಣಿಕವಾಗಿ ಬರೆದಿಡಿ.

ಉಳಿದ ಒಂದು ದಿನ ಲೆಕ್ಕಕ್ಕೆ. 150 ಪುಟದ ಪುಸ್ತಕವೆಂದರೆ ಸುಮಾರು 35,000 ಪದ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಬರೆದರೆ 23-24 ವಾರ, ಅಂದರೆ ಐದೂವರೆ ತಿಂಗಳು ಬರೀ ಮೊದಲ ಕರಡಿಗೆ. ತಿದ್ದಲು ಇನ್ನೂ ಅಷ್ಟೇ ಹೊತ್ತು ಇಟ್ಟುಕೊಳ್ಳಿ. ಈ ಲೆಕ್ಕವನ್ನು ಮನೆಯವರ ಮುಂದಿಟ್ಟು, ಸುಗ್ಗಿ, ಮದುವೆ, ಪರೀಕ್ಷೆಗಳ ತಿಂಗಳನ್ನು ಕಳೆದು ನೋಡಿ.

ಹಂತ 6: ಒಂದೇ ವಾಕ್ಯಕ್ಕೆ ಇಳಿಸಿ (2 ದಿನ)

ವಾಕ್ಯದಲ್ಲಿ ಮೂರು ಭಾಗ ಇರಲೇಬೇಕು: ಯಾರಿಗೆ, ಯಾವ ಪ್ರಶ್ನೆಗೆ, ಈಗಲೇ ಯಾಕೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅದು ಇಲ್ಲದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಹೋಗುತ್ತಲೇ ಇರುತ್ತದೆ.

ಸರಿಯಿಲ್ಲದ್ದು: ‘ವಿಜಯಪುರ ಜಿಲ್ಲೆಯ ಬಿಳಿಜೋಳದ ಮಹತ್ವವನ್ನು ನಾಡಿಗೆ ಸಾರುವುದು.’ ಇದರಲ್ಲಿ ಓದುಗನಿಲ್ಲ, ಪ್ರಶ್ನೆಯಿಲ್ಲ, ಅವಸರವೂ ಇಲ್ಲ.

ಸರಿಯಾದದ್ದು: ‘ಎರಿ ಹೊಲ ಇದ್ದೂ ಜೋಳ ಬಿಟ್ಟ ಕಾಕಾನ ಮಗನಿಗೆ, ಚೌಕ ಚೌಕವಾಗಿ ಬದು ಹಾಕಿ ಚೌಕುಮಡಿ ಕಟ್ಟಿ ಮಳೆಯ ತೇವ ಹಿಡಿದು ಹಿಂಗಾರಿಗೆ ಮಾಲದಂಡಿ ಜೋಳ ಬೆಳೆಯುವುದು ಹೇಗೆಂದು ಬರೆದುಕೊಡುತ್ತೇನೆ, ಅದನ್ನು ಮಣ್ಣು ಮುಟ್ಟಿ ಹೇಳಬಲ್ಲ ಅಪ್ಪನಿಗೆ ಈಗ 78.’

ಹತ್ತು ಸಲವಾದರೂ ತಿದ್ದಿ ಬರೆಯಬೇಕಾಗುತ್ತದೆ. ಬರೆದ ಮೇಲೆ ಮೂರನೇ ಹಂತದಲ್ಲಿ ಕೂತವರಿಗೇ ಓದಿ ಹೇಳಿ. ಅವರು ‘ಚಲೋ ಐತಿ’ ಅಂದರೆ ಇನ್ನೂ ಸರಿಯಾಗಿಲ್ಲ. ‘ಹೌದಾ? ಹೆಂಗ ಹಿಡೀತೈತ್ರಿ ತೇವ?’ ಎಂದು ಮುಂದಿನ ಪ್ರಶ್ನೆ ಕೇಳಿದರೆ ಆಯಿತು.

ಹಂತ 7: ಪರಿವಿಡಿಗೆ ಕಟ್ಟಿಹಾಕಿ (1 ದಿನ)

ಯೋಚಿಸಿಟ್ಟಿರುವ ಅಧ್ಯಾಯಗಳನ್ನು ಒಂದೊಂದು ಚೀಟಿಯ ಮೇಲೆ ಬರೆದು, ಹಿಂಬದಿಯಲ್ಲಿ ‘ಈ ಅಧ್ಯಾಯ ಆ ವಾಕ್ಯಕ್ಕೆ ಏನು ಕೊಡುತ್ತದೆ’ ಎಂದು ಒಂದು ಸಾಲು ಬರೆಯಿರಿ. ಬರೆಯಲಾಗದ ಅಧ್ಯಾಯಗಳನ್ನು ಬೇರೆ ಲಕೋಟೆಗೆ ಹಾಕಿ. ‘ಊರಿನ ಹೆಸರಿನ ಉತ್ಪತ್ತಿ’, ‘ನಮ್ಮ ಮನೆತನದ ವಂಶಾವಳಿ’ ಎಂಬಂಥವು ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. ಬೇಸರ ಬೇಡ, ಲಕೋಟೆ ಎಲ್ಲಿಗೂ ಹೋಗುವುದಿಲ್ಲ. ವಾಕ್ಯವನ್ನು ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿ, ಪ್ರತಿ ಅಧ್ಯಾಯ ಮುಗಿದಾಗ ಒಮ್ಮೆ ಓದಿ. ನಡುವೆ ಒಂದು ಸಲ ವಾಕ್ಯ ಬದಲಾದರೆ ಸಹಜ, ಹುಡುಕುತ್ತ ಹೋದವರಿಗೆ ಹಾಗೆ ಆಗಲೇಬೇಕು. ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಐದನೇ ಹಂತವನ್ನು ಅರ್ಧ ಮನಸ್ಸಿನಿಂದ ಮಾಡಿದ್ದೀರಿ.

ಬರೆಯುವಾಗ ಕಾರಣ ಕೈಬಿಡುತ್ತಿದೆ ಎಂಬುದಕ್ಕೆ ಗುರುತುಗಳು

ಪುಸ್ತಕದ ಹೆಸರು ಮೂರನೇ ಸಲ ಬದಲಾಯಿಸುತ್ತಿದ್ದೀರಿ. ಬರೆಯುವುದಕ್ಕಿಂತ ಬರೆಯುತ್ತಿರುವ ಬಗ್ಗೆ ಮಾತಾಡುವುದು ಹೆಚ್ಚಾಗಿದೆ. ದಿನಾ ಮೊದಲ ಪುಟವನ್ನೇ ತಿದ್ದುತ್ತಿದ್ದೀರಿ. ಇವಕ್ಕೆಲ್ಲ ಒಂದೇ ಉಪಾಯ: ನಾಲ್ಕನೇ ಹಂತದ ಪತ್ರ ತೆಗೆದು ಓದಿ, ಅವತ್ತಿನ 300 ಪದವನ್ನು ಆ ಮನುಷ್ಯನಿಗೆ ಪತ್ರದಂತೆಯೇ ಬರೆಯಿರಿ.

ಸ್ವಲ್ಪ ಗಂಭೀರವಾದ ಗುರುತು, ಬದುಕಿರುವ ಒಬ್ಬ ವ್ಯಕ್ತಿಯ ಹೆಸರು ಪದೇ ಪದೇ ಕೆಟ್ಟ ಸಂದರ್ಭದಲ್ಲೇ ಬರತೊಡಗುವುದು. ಸಿಟ್ಟು ಚುಕ್ಕಾಣಿ ಹಿಡಿದಿದೆ ಎಂದರ್ಥ. ಆ ಪುಟಗಳನ್ನು ಹೆಸರಿಲ್ಲದೆ ಮತ್ತೆ ಬರೆದು ನೋಡಿ. ಹೆಸರು ತೆಗೆದ ಮೇಲೆ ಹೇಳುವುದೇನೂ ಉಳಿಯದಿದ್ದರೆ ಆ ಭಾಗ ಬಿಡಿ. ಉಳಿದರೆ, ಅಚ್ಚಿಗೆ ಹೋಗುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಮಾನನಷ್ಟದ ಮೊಕದ್ದಮೆ ಪುಸ್ತಕವನ್ನೂ ಬರೆದವರನ್ನೂ ಸವೆಸುತ್ತದೆ.

ಪರೀಕ್ಷೆಯಲ್ಲಿ ಕಾರಣ ನಿಲ್ಲದಿದ್ದರೆ

ಕೆಲವರಿಗೆ 21 ದಿನದ ಕೊನೆಗೆ ಪುಸ್ತಕ ಬೇಡ ಎಂದು ಗೊತ್ತಾಗುತ್ತದೆ. ಮೂರು ವರ್ಷ ಎಳೆದಾಡುವ ಬದಲು ಮೂರು ವಾರದಲ್ಲಿ ಗೊತ್ತಾಗಿದೆ. ನಿಮ್ಮ ಪ್ರಶ್ನೆ 1,500 ಪದದ ಲೇಖನಕ್ಕೆ ಸರಿಹೋಗುವಂಥದ್ದಾಗಿರಬಹುದು. ಬರೆದು ಪತ್ರಿಕೆಗೆ ಕಳಿಸಿ. ಹಿರಿಯರ ಮಾತು ಉಳಿಯಬೇಕು ಎಂಬುದಷ್ಟೇ ಆಸೆಯಾಗಿದ್ದರೆ, ಹತ್ತು ಜನರ ರೆಕಾರ್ಡಿಂಗ್ ಮಾಡಿ, ಹೆಸರು, ಊರು, ತಾರೀಖು ಬರೆದು ಎರಡು ಪೆನ್‌ಡ್ರೈವ್‌ನಲ್ಲಿ ಇಡಿ. ಒಂದು ಮನೆಯಲ್ಲಿರಲಿ, ಇನ್ನೊಂದು ಹತ್ತಿರದ ಕಾಲೇಜಿನ ಕನ್ನಡ ವಿಭಾಗದಲ್ಲಿ.

ಪರೀಕ್ಷೆಯಲ್ಲಿ ಕಾರಣ ಗಟ್ಟಿಯಾಗಿ ನಿಂತರೆ, 22ನೇ ದಿನ

ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ. ರೆಕಾರ್ಡಿಂಗಿನಲ್ಲಿ ನಿಮಿಷ-ಸೆಕೆಂಡ್ ಗುರುತು ಹಾಕಿದ ಜಾಗ ತೆಗೆಯಿರಿ, ನೀವು ಮಾತು ನಿಲ್ಲಿಸಿದ್ದು ಎಲ್ಲಿ ಎಂದು ಕೇಳಿ. ಅವತ್ತಿನ 300 ಪದ ಅಲ್ಲಿಂದ: ಬಾಗಿಲು ನಾಲ್ಕು, ಕಿಟಕಿ ಮೂರು, ಬೇವಿನ ಗಿಡ ಒಂದು, ಮತ್ತು ಆ ಕಟ್ಟೆಯ ಮೇಲೆ ಸಂಜೆ ಯಾರು ಯಾರು ಎಲ್ಲೆಲ್ಲಿ ಕೂರುತ್ತಿದ್ದರು ಎಂಬುದು, ಎಡಗಡೆಯಿಂದ ಬಲಗಡೆಗೆ, ಒಬ್ಬೊಬ್ಬರಾಗಿ.